ದರಗಿನಡಿಯ ಪುಟ್ಟ ಬಸವನಹುಳು: ಹೊಸ ಪ್ರಭೇದವೆಂದು ವರ್ಣಿಸುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ತೋಟದ ಮೇಲಿನ ಕಾನಿನಲ್ಲೋ, ಶೋಲಾ ಕಾಡಿನ ಅಂಚಿನಲ್ಲೋ, ಚಾರಣದ ದಾರಿಯಲ್ಲಿ ಬಿದ್ದ ಮರದ ತೊಗಟೆಯ ಕೆಳಗೋ ರಾಗಿಕಾಳಿನಷ್ಟು ಅಥವಾ ಸಾಸಿವೆಕಾಳಿನಷ್ಟು ಬಸವನಹುಳುವೊಂದು ಸಿಕ್ಕಿದೆ. ಚಿತ್ರ ನೋಡಿದ ಯಾರಿಗೂ ಅದರ ಗುರುತು ಹತ್ತಲಿಲ್ಲ. ಇದು ಹೊಸ ಪ್ರಭೇದವಾಗಿದ್ದರೆ ಮುಂದೇನು ಮಾಡಬೇಕು, ಹೆಸರಿಡುವುದು ಹೇಗೆ? ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವುದಕ್ಕಿಂತ ಇಡೀ ಕ್ರಮವನ್ನು ಒಂದೆಡೆ ಬರೆದಿಡುವುದು ಮೇಲೆಂದು ಈ ಲೇಖನ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹೊಸ ಪ್ರಭೇದವನ್ನು ‘ಕಂಡುಹಿಡಿಯುವುದು’ ಕಾಡಿನಲ್ಲಲ್ಲ, ಮೇಜಿನ ಮೇಲೆ. ಪಶ್ಚಿಮ ಘಟ್ಟದಲ್ಲಿ ಸುಮಾರು 270 ನೆಲದ ಬಸವನಹುಳು ಪ್ರಭೇದಗಳು ದಾಖಲಾಗಿದ್ದು, ಅವುಗಳಲ್ಲಿ ಮುಕ್ಕಾಲು ಪಾಲಿನಷ್ಟು ಜಗತ್ತಿನ ಬೇರೆಲ್ಲೂ ಇಲ್ಲದವು. ಅವುಗಳಲ್ಲಿ ಹೆಚ್ಚಿನವಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಬೆನ್ಸನ್, ಬ್ಲಾನ್‌ಫೋರ್ಡ್ ಸಹೋದರರು, ಬೆಡ್ಡೋಮ್ ಮೊದಲಾದ ಬ್ರಿಟಿಷ್ ನಿಸರ್ಗತಜ್ಞರು ಹೆಸರಿಟ್ಟಿದ್ದಾರೆ. ಆ ವರ್ಣನೆಗಳು ಎಷ್ಟೋ ಸಲ ಲ್ಯಾಟಿನ್ನಿನ ನಾಲ್ಕಾರು ಸಾಲುಗಳಷ್ಟೇ ಇರುವುದರಿಂದ, ಅಂದು ಹೆಸರಿಟ್ಟ ಪ್ರಾಣಿಯನ್ನು ಇಂದು ಕಾಡಿನಲ್ಲಿ ಕಂಡವರಿಗೆ ಅದು ಹೆಸರಿಲ್ಲದ್ದೆಂದು ತೋರುವುದು ಸಹಜ. ನಿಮ್ಮ ಕೈಯಲ್ಲಿರುವುದು ಅವುಗಳಲ್ಲಿ ಯಾವುದೂ ಅಲ್ಲ ಎಂದು ತೋರಿಸಿಕೊಡುವುದೇ ಈ ಕೆಲಸದ ತಿರುಳು. ಉಳಿದ ಹಂತಗಳೆಲ್ಲ ಅದಕ್ಕೆ ಪೂರಕ.

ಬೇಕಾಗುವ ಸಲಕರಣೆ ಹೆಚ್ಚೇನಿಲ್ಲ: ಬೇರೆಬೇರೆ ಕಣ್ಣಳತೆಯ ಜರಡಿಗಳು, ತೇವಗೊಳಿಸಿದ ಸಣ್ಣ ಕುಂಚ, ಗಾಜಿನ ಪುಟ್ಟ ಸೀಸೆಗಳು, ಎಥನಾಲ್, ಜಿಪಿಎಸ್, ಪೆನ್ಸಿಲ್ ಮತ್ತು ಅಳತೆಪಟ್ಟಿಯುಳ್ಳ ಸ್ಟೀರಿಯೊ ಸೂಕ್ಷ್ಮದರ್ಶಕ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ, ಡಿಎನ್ಎ ಪ್ರಯೋಗಾಲಯ ಮತ್ತು ಸಂಗ್ರಹಾಲಯದ ಕಪಾಟು ನಿಮ್ಮ ಬಳಿ ಇರುವುದಿಲ್ಲ. ಆದ್ದರಿಂದ ಬಸವನಹುಳುಗಳ ವರ್ಗೀಕರಣದಲ್ಲಿ ಪಳಗಿದ ಸಹಲೇಖಕರೊಬ್ಬರನ್ನು ಆರಂಭದಲ್ಲಿಯೇ ಜೊತೆಗೂಡಿಸಿಕೊಳ್ಳಿ. ಎಲ್ಲ ಮುಗಿದ ಮೇಲೆ ಅವರ ಬಳಿ ಹೋದರೆ ಅರ್ಧ ಕೆಲಸವನ್ನು ಮತ್ತೆ ಮಾಡಬೇಕಾಗುತ್ತದೆ.

ಹಂತ 1: ಅನುಮತಿ

ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳಲ್ಲಿ ವೈಜ್ಞಾನಿಕ ಅಧ್ಯಯನಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕರ್ನಾಟಕದಲ್ಲಿ ಅರ್ಜಿ ಹೋಗಬೇಕಾದದ್ದು ಬೆಂಗಳೂರಿನ ಅರಣ್ಯ ಭವನಕ್ಕೆ. ಮೀಸಲು ಅರಣ್ಯಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಅಗತ್ಯ. ಖಾಸಗಿ ಕಾಫಿ ತೋಟವಾದರೆ ಮಾಲೀಕರಿಂದಲೂ ದೇವರಕಾಡಾದರೆ ಅದನ್ನು ನೋಡಿಕೊಳ್ಳುವ ಊರಿನವರಿಂದಲೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮಾದರಿಗಳನ್ನು ಹೊರದೇಶಕ್ಕೆ ಕಳುಹಿಸುವುದು 2002ರ ಜೈವಿಕ ವೈವಿಧ್ಯ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಅಂಥ ಯೋಚನೆಯಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮೊದಲೇ ತಿಳಿದುಕೊಳ್ಳಿ.

ಎಚ್ಚರಿಕೆ: ಮೊದಲು ಸಂಗ್ರಹಿಸಿ ಆಮೇಲೆ ಅನುಮತಿ ಪಡೆಯುವ ದಾರಿ ಇಲ್ಲ. ಅನುಮತಿಯ ಸಂಖ್ಯೆ ಮತ್ತು ದಿನಾಂಕವನ್ನು ಜವಾಬ್ದಾರಿಯುತ ಸಂಪಾದಕರು ಕೇಳಿಯೇ ಕೇಳುತ್ತಾರೆ. ಸಂಗ್ರಹದ ದಿನಾಂಕ ಅದಕ್ಕಿಂತ ಹಿಂದಿನದಾಗಿದ್ದರೆ ನಿಮ್ಮ ಮಾದರಿ ಎಷ್ಟೇ ಅಪರೂಪದ್ದಾದರೂ ಪ್ರಕಟಣೆಗೆ ಬಾರದು.

ಹಂತ 2: ಸಂಗ್ರಹ

ಜೀವಂತ ಹುಳುಗಳನ್ನು ಹುಡುಕಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲ ತಕ್ಕ ಸಮಯ. ತೇವವಿದ್ದಾಗ ಅವು ಎಲೆಯ ಅಡಿಭಾಗ, ಪಾಚಿ ಹಿಡಿದ ಬಂಡೆ ಮತ್ತು ಕೊಳೆತ ತೊಗಟೆಯ ಮೇಲೆ ಹರಿದಾಡುತ್ತವೆ. ಬೇಸಿಗೆಯಲ್ಲಿ ದರಗಿನ ಆಳಕ್ಕೂ ಬಂಡೆಯ ಬಿರುಕಿಗೂ ಸೇರಿಕೊಂಡುಬಿಡುತ್ತವೆ. ಎರಡು ಮಿಲಿಮೀಟರಿನ ಪ್ರಾಣಿಯನ್ನು ನಿಂತು ಹುಡುಕಿ ಫಲವಿಲ್ಲ. ಮಂಡಿಯೂರಿ ಕುಳಿತು, ಒಂದೊಂದೇ ಎಲೆಯನ್ನು ಮಗುಚಿ ನೋಡಬೇಕು. ಇಂಬಳಗಳ ಕಾಟವನ್ನು ಸಹಿಸಿಕೊಳ್ಳಬೇಕು.

ಕಣ್ಣಿಗೆ ಬೀಳದೆ ಉಳಿಯುವವೇ ಹೆಚ್ಚಾದ್ದರಿಂದ ದರಗನ್ನು ಜರಡಿ ಹಿಡಿಯುವುದು ಅನಿವಾರ್ಯ. ಸ್ಥಳದಲ್ಲಿಯೇ ಸುಮಾರು ಹತ್ತು ಮಿಲಿಮೀಟರ್ ಕಣ್ಣಿನ ಜರಡಿಯಿಂದ ದೊಡ್ಡ ಎಲೆ ಮತ್ತು ಕಡ್ಡಿಗಳನ್ನು ಬೇರ್ಪಡಿಸಿ ಅಲ್ಲೇ ಬಿಟ್ಟು, ಕೆಳಗುಳಿದ ಪುಡಿಯನ್ನು ಬಟ್ಟೆಯ ಚೀಲದಲ್ಲಿ ತನ್ನಿ. ಜೀವಂತ ಹುಳುಗಳನ್ನು ಮೊದಲು ಆರಿಸಿಕೊಂಡು, ಉಳಿದದ್ದನ್ನು ನೆರಳಿನಲ್ಲಿ ಒಣಗಿಸಿ, 4, 2, 1 ಮತ್ತು ಅರ್ಧ ಮಿಲಿಮೀಟರಿನ ಜರಡಿಗಳಲ್ಲಿ ಕ್ರಮವಾಗಿ ಸೋಸಿ, ಪ್ರತಿಯೊಂದು ಪಾಲನ್ನೂ ಸೂಕ್ಷ್ಮದರ್ಶಕದ ಕೆಳಗೆ ನೋಡಬೇಕು. ಪೂರ್ತಿ ಒಣಗಿದ ಪುಡಿಯನ್ನು ನೀರಿಗೆ ಸುರಿದರೆ ಒಳಗೆ ಗಾಳಿಯಿರುವ ಖಾಲಿ ಚಿಪ್ಪುಗಳು ತೇಲುತ್ತವೆ. ಹೀಗೆ ಮಾಡಿದರೆ ಎಷ್ಟೋ ತಾಸುಗಳ ಕೆಲಸ ಉಳಿಯುತ್ತದೆ.

ಒಂದೇ ಚಿಪ್ಪನ್ನು ನೆಚ್ಚಿ ಪ್ರಭೇದ ಕಟ್ಟುವುದು ಅಪಾಯ. ಬೆಳೆದವು, ಮರಿಗಳು, ಬೇರೆಬೇರೆ ಎತ್ತರದಲ್ಲಿ ಸಿಕ್ಕವು ಎಲ್ಲವೂ ಬೇಕು. ಹಾಗೆಂದು ಒಂದು ಬಂಡೆಯ ಮೇಲಿದ್ದವನ್ನೆಲ್ಲ ಬಾಚಿ ತರಬಾರದು. ಕೆಲವು ಪ್ರಭೇದಗಳ ಇಡೀ ನೆಲೆಯೇ ಒಂದು ಬೆಟ್ಟದ ಒಂದು ಮಗ್ಗುಲಾಗಿರಬಹುದು. ಖಾಲಿ ಚಿಪ್ಪುಗಳಿಂದ ಅಳತೆಯ ಕೆಲಸ ಬಹುಪಾಲು ಮುಗಿಯುವುದರಿಂದ, ಜೀವಂತವಾದವುಗಳಲ್ಲಿ ಅಂಗರಚನೆಗೂ ಡಿಎನ್ಎಗೂ ಬೇಕಾದಷ್ಟನ್ನು ಮಾತ್ರ ತನ್ನಿ.

ಪ್ರತಿ ಸೀಸೆಯೊಳಗೆ ಚೀಟಿಯಿರಬೇಕು: ಸ್ಥಳ, ತಾಲ್ಲೂಕು, ಅಕ್ಷಾಂಶ ಮತ್ತು ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ಕಾಡಿನ ಬಗೆ, ಸಿಕ್ಕ ಜಾಗ, ದಿನಾಂಕ, ಸಂಗ್ರಹಿಸಿದವರ ಹೆಸರು. ಚೀಟಿಯನ್ನು ಪೆನ್ಸಿಲಿನಲ್ಲಿಯೇ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ಎಥನಾಲಿನಲ್ಲಿ ಕರಗಿಹೋಗುತ್ತದೆ. ಊರು ತಿಳಿಯದ ಚಿಪ್ಪಿಗೆ ವಿಜ್ಞಾನದಲ್ಲಿ ಬೆಲೆಯಿಲ್ಲ.

ಹಂತ 3: ಕೆಡದಂತೆ ಇಡುವುದು

ಡಿಎನ್ಎಗೆ ಮೀಸಲಾದವನ್ನು ನೇರವಾಗಿ 95 ಶೇಕಡಾ ಅಥವಾ ಹೆಚ್ಚಿನ ಎಥನಾಲಿಗೆ ಹಾಕಿ. ಅಂಗರಚನೆಗೆ ಮೀಸಲಾದವನ್ನು, ಕುದಿಸಿ ಆರಿಸಿದ ನೀರನ್ನು ಅಂಚಿನವರೆಗೆ ತುಂಬಿ ಮುಚ್ಚಿದ ಸೀಸೆಯಲ್ಲಿ ರಾತ್ರಿಯಿಡೀ ಇಟ್ಟು, ದೇಹ ಹೊರಚಾಚಿದ ಮೇಲೆ 70ರಿಂದ 80 ಶೇಕಡಾ ಎಥನಾಲಿಗೆ ಬದಲಿಸಿ. ಚಿಪ್ಪಿನ ಬಾಯಿಗೆ ಮುಚ್ಚಳವುಳ್ಳ ಹುಳುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವು ಎಥನಾಲಿಗೆ ಬಿದ್ದ ಕೂಡಲೇ ಮುಚ್ಚಳ ಬಿಗಿದುಕೊಳ್ಳುವುದರಿಂದ ದ್ರವ ಒಳಗೆ ಇಳಿಯದೆ ದೇಹ ಕೊಳೆತುಹೋಗುತ್ತದೆ. ಕೆಲವನ್ನು ಕ್ಷಣಕಾಲ ಬಿಸಿನೀರಿಗೆ ಅದ್ದಿ, ಸೂಜಿಯಿಂದ ದೇಹವನ್ನು ಮೆಲ್ಲಗೆ ಎಳೆದು ತೆಗೆದು, ದೇಹವನ್ನೂ ಚಿಪ್ಪನ್ನೂ ಒಂದೇ ಸಂಖ್ಯೆಯಡಿ ಬೇರೆಬೇರೆ ಇಡುವುದು ಒಳ್ಳೆಯ ಉಪಾಯ. ಮುಚ್ಚಳ ಕಳೆದುಹೋಗದಂತೆ ನೋಡಿಕೊಳ್ಳಿ. ಪ್ರಭೇದದ ಗುರುತು ಕೆಲವೊಮ್ಮೆ ಅದರ ಮೇಲೆಯೇ ನಿಂತಿರುತ್ತದೆ.

ಫಾರ್ಮಲಿನ್ ಬಳಸಲೇಬೇಡಿ. ಅದರ ಆಮ್ಲೀಯತೆ ಸುಣ್ಣದ ಚಿಪ್ಪನ್ನು ತಿನ್ನುತ್ತದೆ, ಡಿಎನ್ಎಯನ್ನೂ ಕೆಡಿಸುತ್ತದೆ. ಒಣ ಚಿಪ್ಪುಗಳನ್ನು ಮರದ ಪೆಟ್ಟಿಗೆಯಲ್ಲಿ ಇಡುವ ಅಭ್ಯಾಸವನ್ನೂ ಬಿಡಬೇಕು: ಕೆಲವು ಮರಗಳಿಂದ ಮತ್ತು ಅಗ್ಗದ ರಟ್ಟಿನಿಂದ ಹೊರಡುವ ಅಸಿಟಿಕ್ ಆಮ್ಲದ ಆವಿ ಚಿಪ್ಪಿನ ಸುಣ್ಣದೊಡನೆ ಸೇರಿ, ಮೇಲ್ಮೈಯಲ್ಲಿ ಬಿಳಿ ಬೂದಿಯಂಥ ಪುಡಿ ಹುಟ್ಟಿಸುತ್ತದೆ. ಹತ್ತಿಯಲ್ಲಿ ಹುದುಗಿಸಿದರೆ ಎಳೆಗಳು ಚಿಪ್ಪಿನ ಬಾಯಿಗೆ ಸಿಕ್ಕಿಕೊಂಡು ತುಟಿ ಮುರಿಯುತ್ತದೆ. ಔಷಧದ ಖಾಲಿ ಜೆಲಟಿನ್ ಕ್ಯಾಪ್ಸೂಲಿನೊಳಗೆ ಚಿಪ್ಪಿಟ್ಟು, ಕ್ಯಾಪ್ಸೂಲನ್ನು ಗಾಜಿನ ಸೀಸೆಯೊಳಗೆ ಇಡುವುದು ಸುರಕ್ಷಿತ.

ಹಂತ 4: ಕುಲದವರೆಗೆ ತಲುಪುವುದು

‘ಕುಲ’ವೆಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು, ಎರಡು ಪದಗಳ ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಅದೇ. ಮೊದಲು ನೋಡಬೇಕಾದದ್ದು ಚಿಪ್ಪಿನ ಬಾಯಿಯನ್ನು ಮುಚ್ಚುವ ಮುಚ್ಚಳವಿದೆಯೇ ಎಂಬುದು. ಘಟ್ಟದ ಪುಟ್ಟ ಹುಳುಗಳಲ್ಲಿ ಡಿಪ್ಲೊಮ್ಮಟೈನಾ, ನಿಸಿಡಾ, ಓಪಿಸ್ಥೋಸ್ಟೋಮಾ, ಸಯಾಥೊಪೊಮಾ ಮೊದಲಾದವು ಮುಚ್ಚಳವುಳ್ಳ ಕುಲಗಳು. ಕಾಲಿಯೆಲ್ಲಾ, ಫಿಲಾಲಂಕಾ, ಮೈಕ್ರೊಸಿಸ್ಟೈನಾ ಮುಂತಾದವು ಮುಚ್ಚಳವಿಲ್ಲದವು. ಖಾಲಿ ಚಿಪ್ಪಿನಲ್ಲಿ ಮುಚ್ಚಳ ಉದುರಿರಬಹುದಾದ್ದರಿಂದ ಜೀವಂತ ಮಾದರಿಯಲ್ಲಿಯೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಮುಂದೆ ಚಿಪ್ಪು ಯಾವ ಕಡೆಗೆ ತಿರುಚಿಕೊಂಡಿದೆಯೆಂದು ನೋಡಿ. ತುದಿ ಮೇಲಾಗಿ, ಬಾಯಿ ನಿಮ್ಮೆದುರಾಗಿ ಹಿಡಿದಾಗ ಬಾಯಿ ಬಲಕ್ಕಿದ್ದರೆ ಬಲಸುರುಳಿ, ಎಡಕ್ಕಿದ್ದರೆ ಎಡಸುರುಳಿ. ಕನ್ನಡಿಗರು ಇಲ್ಲಿ ಒಂದು ವಿಷಯದಲ್ಲಿ ಎಡವುವುದುಂಟು. ಪೂಜೆಯಲ್ಲಿ ಶ್ರೇಷ್ಠವೆಂದು ಎಣಿಸುವ ಅಪರೂಪದ ‘ಬಲಮುರಿ ಶಂಖ’ ಪ್ರಾಣಿವಿಜ್ಞಾನದ ಲೆಕ್ಕದಲ್ಲಿ ಎಡಸುರುಳಿಯದು, ಏಕೆಂದರೆ ಸಂಪ್ರದಾಯದಲ್ಲಿ ಶಂಖವನ್ನು ಹಿಡಿದು ನೋಡುವ ದಿಕ್ಕು ಬೇರೆ. ಆದ್ದರಿಂದ ಬಲಮುರಿ, ಎಡಮುರಿ ಎಂಬ ಮಾತುಗಳನ್ನು ಟಿಪ್ಪಣಿಯಲ್ಲಿ ಬಳಸದಿರುವುದು ಲೇಸು. ಬಳಸಿದರೂ ಯಾವ ಅರ್ಥದಲ್ಲಿ ಎಂಬುದನ್ನು ಪಕ್ಕದಲ್ಲಿಯೇ ಬರೆದಿಡಿ.

ಎಚ್ಚರಿಕೆ: ‘ಪುಟ್ಟ ಹೊಸ ಪ್ರಭೇದ’ವೆಂದು ಬರುವ ಚಿತ್ರಗಳಲ್ಲಿ ಎಷ್ಟೋ ದೊಡ್ಡ ಬಸವನಹುಳುಗಳ ಮರಿಗಳವಾಗಿರುತ್ತವೆ. ನಾನೂ ಮೂರು ಚಿಪ್ಪುಗಳ ಹಿಂದೆ ಬಹುಕಾಲ ಕಳೆದು, ಕೊನೆಗೆ ಅವು ಮರಿಗಳೆಂದು ಅರಿತದ್ದುಂಟು. ಬೆಳವಣಿಗೆ ಮುಗಿಸಿದ ಹುಳುವಿನಲ್ಲಿ ಹಲವು ಕುಲಗಳಲ್ಲಿ ಬಾಯಿಯ ತುಟಿ ದಪ್ಪವಾಗಿರುತ್ತದೆ ಅಥವಾ ಹೊರಕ್ಕೆ ಮಡಿಸಿಕೊಂಡಿರುತ್ತದೆ. ತೆಳ್ಳನೆಯ ಹರಿತವಾದ ತುಟಿಯಿದ್ದರೆ ಮರಿಯಿರಬಹುದೆಂದು ಶಂಕಿಸಬೇಕು. ಬೆಳೆದಮೇಲೂ ತುಟಿ ದಪ್ಪವಾಗದ ಕುಲಗಳೂ ಇರುವುದರಿಂದ ಅಂಥಲ್ಲಿ ಜನನಾಂಗದ ಬೆಳವಣಿಗೆಯನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಹಂತ 5: ಹೋಲಿಕೆ

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವ ಹಂತವಿದು, ಎಲ್ಲರೂ ಅವಸರಪಡುವ ಹಂತವೂ ಇದೇ.

ಮೊದಲ ಕೆಲಸ, ಆ ಕುಲದಲ್ಲಿ ಇದುವರೆಗೆ ಇಟ್ಟ ಎಲ್ಲ ಹೆಸರುಗಳ ಪಟ್ಟಿ ತಯಾರಿಸುವುದು. ಕರ್ನಾಟಕದವು ಮಾತ್ರ ಸಾಲದು. ಇಡೀ ಪಶ್ಚಿಮ ಘಟ್ಟ, ಶ್ರೀಲಂಕಾ, ಅಗತ್ಯವಿದ್ದರೆ ಈಶಾನ್ಯ ಭಾರತ ಮತ್ತು ಮ್ಯಾನ್ಮಾರ್‌ಗಳದ್ದೂ ಸೇರಬೇಕು. ಇಂದು ಬಳಕೆಯಲ್ಲಿಲ್ಲದ ಪರ್ಯಾಯನಾಮಗಳನ್ನೂ, ಅಂದರೆ ಒಂದೇ ಪ್ರಭೇದಕ್ಕೆ ಬೇರೆಯವರು ಇಟ್ಟಿದ್ದ ಹೆಸರುಗಳನ್ನೂ, ಬಿಡಬಾರದು. ಪರ್ಯಾಯನಾಮವೆಂದು ಬದಿಗಿಟ್ಟ ಹಳೆಯ ಹೆಸರು ನಿಮ್ಮ ಪ್ರಾಣಿಯದ್ದೇ ಆಗಿದ್ದರೆ ಆದ್ಯತೆಯ ನಿಯಮದ ಪ್ರಕಾರ ಅದೇ ನಿಲ್ಲುತ್ತದೆ, ನಿಮ್ಮ ಹೊಸ ಹೆಸರು ಬೀಳುತ್ತದೆ. ಮೊಲಸ್ಕಾಬೇಸ್ ಎಂಬ ಅಂತರಜಾಲ ಕೋಶ ಈ ಪಟ್ಟಿಗೆ ಒಳ್ಳೆಯ ಆರಂಭ. ಬ್ರಿಟಿಷರ ಕಾಲದ ಭಾರತದ ಪ್ರಾಣಿಸಂಕುಲ ಗ್ರಂಥಮಾಲೆಯಲ್ಲಿ 1908, 1914 ಮತ್ತು 1921ರಲ್ಲಿ ಬಂದ ನೆಲದ ಬಸವನಹುಳುಗಳ ಮೂರು ಸಂಪುಟಗಳನ್ನು ಇಂದಿಗೂ ಪಕ್ಕಕ್ಕಿಡುವಂತಿಲ್ಲ. ಹಳೆಯ ಸಂಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಅಂತರಜಾಲ ಗ್ರಂಥಾಲಯದಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಆದರೆ ಆ ಸಂಪುಟಗಳ ಸಾರಾಂಶವನ್ನೇ ನೆಚ್ಚದೆ, ಪ್ರತಿ ಪ್ರಭೇದದ ಮೊಟ್ಟಮೊದಲ ವರ್ಣನೆಯನ್ನು ಹುಡುಕಿ ಓದಬೇಕು.

ಎರಡನೆಯದು ಟೈಪ್ ಮಾದರಿಗಳನ್ನು ನೋಡುವುದು. ಟೈಪ್ ಎಂದರೆ ಒಂದು ಹೆಸರು ಯಾವ ಪ್ರಾಣಿಯದ್ದೆಂದು ಶಾಶ್ವತವಾಗಿ ಗೊತ್ತುಪಡಿಸುವ, ಸಂಗ್ರಹಾಲಯದಲ್ಲಿ ಕಾದಿಟ್ಟ ಮಾದರಿ. ಘಟ್ಟದ ಹಳೆಯ ಟೈಪ್‌ಗಳು ಹೆಚ್ಚಾಗಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಮತ್ತು ಕೋಲ್ಕತ್ತಾದ ಭಾರತೀಯ ಪ್ರಾಣಿಸರ್ವೇಕ್ಷಣಾ ಸಂಸ್ಥೆಯಲ್ಲಿವೆ. ಬೆನ್ಸನ್‌ರ ಸಂಗ್ರಹ ಕೇಂಬ್ರಿಜ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ಸಂಗ್ರಹಾಲಯದಲ್ಲಿದೆ. ನೀವೇ ಹೋಗಲಾಗದಿದ್ದರೆ ಸಂಗ್ರಹಪಾಲಕರಿಗೆ ಪತ್ರ ಬರೆದು ಚಿತ್ರಗಳನ್ನು ಕೇಳಿ. ಯಾವ ಪ್ರಭೇದದ, ಯಾವ ಸಂಖ್ಯೆಯ ಮಾದರಿ, ಯಾವ ಕೋನದಿಂದ, ಏತಕ್ಕಾಗಿ ಬೇಕೆಂದು ನಿಖರವಾಗಿ ಬರೆದರೆ ಉತ್ತರ ಬರುವ ಸಂಭವ ಹೆಚ್ಚು.

ಮೂರನೆಯದು ಟೈಪ್ ಸ್ಥಳ, ಅಂದರೆ ಹಳೆಯ ಮಾದರಿ ಸಿಕ್ಕ ಊರು. ಹಳೆಯ ಬರಹಗಳಲ್ಲಿ ಅದು ಬರೇ ‘ನೀಲಗಿರಿ’, ‘ಕೊಡಗು’, ‘ಕೆನರಾ’ ಎಂದಿರಬಹುದು. ಸಾಧ್ಯವಾದಲ್ಲಿ ಆ ಪ್ರದೇಶಕ್ಕೆ ಹೋಗಿ ಹೊಸದಾಗಿ ಮಾದರಿಗಳನ್ನು ತಂದು, ನಿಮ್ಮವುಗಳೊಡನೆ ಅಕ್ಕಪಕ್ಕ ಇಟ್ಟು ನೋಡಬೇಕು. ಹಳೆಯ ಪ್ರಭೇದ ಎಷ್ಟರಮಟ್ಟಿಗೆ ಬದಲಾಗಬಲ್ಲದೆಂದು ತಿಳಿಯದೆ, ಅದರಿಂದ ನಿಮ್ಮದು ಬೇರೆಯೆಂದು ಹೇಳಲು ಬಾರದು. ತೇವ, ಮಣ್ಣಿನ ಸುಣ್ಣ ಮತ್ತು ಎತ್ತರಕ್ಕೆ ತಕ್ಕಂತೆ ಒಂದೇ ಪ್ರಭೇದದ ಚಿಪ್ಪು ಹಿರಿದು ಕಿರಿದಾಗುತ್ತದೆ. ಮುಚ್ಚಳವುಳ್ಳ ಈ ಹುಳುಗಳಲ್ಲಿ ಗಂಡು ಹೆಣ್ಣು ಬೇರೆಬೇರೆಯಾದ್ದರಿಂದ ಗಾತ್ರದ ವ್ಯತ್ಯಾಸ ಲಿಂಗದ್ದೂ ಆಗಿರಬಹುದು. ಗಾತ್ರ ಮತ್ತು ಬಣ್ಣ ಎರಡನ್ನೇ ಆಧಾರವಾಗಿಟ್ಟುಕೊಂಡು ಬೇರ್ಪಡಿಸಿದ ಪ್ರಭೇದಗಳು ಬಾಳುವುದು ಕಡಿಮೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮೂರು ಲಕ್ಷಣಗಳು, ಉದಾಹರಣೆಗೆ ಭ್ರೂಣಚಿಪ್ಪಿನ (ಚಿಪ್ಪಿನ ತುದಿಯ ಮೊದಲ ಸುತ್ತುಗಳ) ಮೇಲ್ಮೈ, ಚಿಪ್ಪಿನ ಬಾಯಿಯೊಳಗೆ ಚಾಚಿದ ‘ಹಲ್ಲು’ ಎಂಬ ಉಬ್ಬಿನ ಸ್ಥಾನ ಮತ್ತು ಮುಚ್ಚಳದ ರಚನೆ, ಒಟ್ಟಾಗಿ ಬೇರೆಯಿದ್ದು ನಡುವಣ ರೂಪಗಳು ಸಿಗದಿದ್ದರೆ ಮಾತ್ರ ಮುಂದಿನ ಹೆಜ್ಜೆಯಿಡಿ.

ಈ ಹಂತದ ಕೊನೆಯಲ್ಲಿ ‘ಇದು ಈಗಾಗಲೇ ಹೆಸರಿರುವ ಪ್ರಭೇದ’ ಎಂಬ ಉತ್ತರ ಬಂದರೆ ನಿರಾಶರಾಗಬೇಡಿ. ನೂರು ವರ್ಷಕ್ಕೂ ಮೇಲ್ಪಟ್ಟು ಯಾರೂ ಕಾಣದ ಪ್ರಭೇದವನ್ನು ಮತ್ತೆ ಕಂಡು, ಅದರ ಜೀವಂತ ಚಿತ್ರ, ನಿಖರ ನೆಲೆ ಮತ್ತು ಡಿಎನ್ಎಯೊಂದಿಗೆ ಮರುವರ್ಣನೆ ಪ್ರಕಟಿಸುವುದು ಹೊಸ ಹೆಸರಿಗಿಂತ ಯಾವ ರೀತಿಯಲ್ಲೂ ಕಡಿಮೆಯ ಕೆಲಸವಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಹಂತ 6: ಅಳತೆ ಮತ್ತು ಚಿತ್ರ

ಅಳೆಯಬೇಕಾದವು: ಚಿಪ್ಪಿನ ಎತ್ತರ, ಅಗಲ, ಬಾಯಿಯ ಎತ್ತರ ಮತ್ತು ಅಗಲ, ಸುತ್ತುಗಳ ಸಂಖ್ಯೆ. ಸುತ್ತನ್ನು ತುದಿಯ ಕಡೆಯಿಂದ ನೋಡುತ್ತ, ಆರಂಭದ ಅರ್ಧಚಂದ್ರಾಕಾರ ಮುಗಿಯುವಲ್ಲಿ ಗೆರೆಯೆಳೆದು, ಕಾಲು ಸುತ್ತಿನ ನಿಖರತೆಯಲ್ಲಿ ಎಣಿಸಬೇಕು. ಬೆಳೆದವುಗಳನ್ನು ಮಾತ್ರ ಅಳೆದು, ಕನಿಷ್ಠ, ಗರಿಷ್ಠ ಮತ್ತು ಸರಾಸರಿಯ ಜೊತೆಗೆ ಎಷ್ಟು ಚಿಪ್ಪುಗಳೆಂಬುದನ್ನೂ ಕೊಡಿ.

ವರ್ಣನೆಯಲ್ಲಿ ಬರುವ ಕೆಲವು ಪದಗಳನ್ನು ಇಲ್ಲಿಯೇ ಬಿಡಿಸಿ ಹೇಳುತ್ತೇನೆ. ಹುಳು ಮೊಟ್ಟೆಯೊಳಗಿರುವಾಗಲೇ ಮೂಡಿದ, ಚಿಪ್ಪಿನ ತುದಿಯಲ್ಲಿರುವ ಮೊದಲ ಸುತ್ತುಗಳು ಭ್ರೂಣಚಿಪ್ಪು. ಎರಡು ಸುತ್ತುಗಳು ಕೂಡುವ ರೇಖೆ ಸಂಧಿಗೆರೆ. ಚಿಪ್ಪಿನ ತಳದ ನಡುವಿನ ಕುಳಿ ಹೊಕ್ಕುಳು. ಸುತ್ತುಗಳ ಒಳಗಿನ ನಡುಗಂಬ ಸ್ತಂಭಿಕೆ. ಡಿಪ್ಲೊಮ್ಮಟೈನಾದಂಥ ಕುಲಗಳಲ್ಲಿ ಕೊನೆಯ ಸುತ್ತಿನ ಆಸುಪಾಸಿನಲ್ಲಿ ಚಿಪ್ಪು ತುಸು ಸೊರಗಿರುವ ಜಾಗಕ್ಕೆ ಕುತ್ತು ಎನ್ನಬಹುದು. ಬಾಯಿಯಿಂದ ಅದು ಎಷ್ಟು ದೂರದಲ್ಲಿದೆ, ಅಲ್ಲಿ ಒಳಮಡಿಕೆಗಳಿವೆಯೇ ಎಂಬುದು ಮುಖ್ಯ ಲಕ್ಷಣ. ಮೇಲ್ಮೈಯ ಅಡ್ಡ ಏಣುಗಳನ್ನು ಒಂದು ಮಿಲಿಮೀಟರಿಗೆ ಎಷ್ಟೆಂದು ಎಣಿಸಿ ಬರೆಯಿರಿ. ‘ದಟ್ಟ’, ‘ವಿರಳ’ ಎಂಬ ಮಾತುಗಳು ಒಬ್ಬೊಬ್ಬರಿಗೆ ಒಂದೊಂದು ಅರ್ಥ ಕೊಡುತ್ತವೆ.

ಚಿತ್ರಗಳು ಬಾಯಿಯ ಕಡೆಯಿಂದ, ಬೆನ್ನಿನ ಕಡೆಯಿಂದ, ಪಕ್ಕದಿಂದ, ತುದಿಯಿಂದ ಮತ್ತು ಹೊಕ್ಕುಳಿನಿಂದ ಬೇಕು. ಇಷ್ಟು ಚಿಕ್ಕ ವಸ್ತುವಿನಲ್ಲಿ ಒಂದೇ ಚಿತ್ರದಲ್ಲಿ ಎಲ್ಲ ಭಾಗವೂ ಸ್ಪಷ್ಟವಾಗದ ಕಾರಣ, ಬೇರೆಬೇರೆ ಆಳದಲ್ಲಿ ತೆಗೆದ ಹಲವು ಚಿತ್ರಗಳನ್ನು ತಂತ್ರಾಂಶದಲ್ಲಿ ಒಂದಾಗಿ ಜೋಡಿಸಬೇಕು. ‘20 ಪಟ್ಟು ಹಿಗ್ಗಿಸಿದ್ದು’ ಎಂದು ಬರೆಯದೆ ಚಿತ್ರದೊಳಗೇ ಅಳತೆಗೆರೆ ಹಾಕಿ. ಪುಟದ ಗಾತ್ರ ಬದಲಾದರೂ ಅದು ಸುಳ್ಳಾಗುವುದಿಲ್ಲ. ಭ್ರೂಣಚಿಪ್ಪಿನ ಸೂಕ್ಷ್ಮ ಕೆತ್ತನೆಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕಾಗುತ್ತದೆ. ಅದಕ್ಕಾಗಿ ಚಿಪ್ಪಿಗೆ ಚಿನ್ನದ ತೆಳು ಲೇಪ ಕೊಡುವುದರಿಂದ ಅದರ ಸಹಜ ಬಣ್ಣ ಮರೆಯಾಗುತ್ತದೆ. ಮುಖ್ಯ ಟೈಪ್ ಆಗಲಿರುವ ಚಿಪ್ಪನ್ನು ಈ ಕೆಲಸಕ್ಕೆ ಕೊಡಬೇಡಿ. ಮಣ್ಣು ತೆಗೆಯಲು ಅಲ್ಟ್ರಾಸಾನಿಕ್ ಯಂತ್ರದಲ್ಲಿ ಇಡುವುದಾದರೆ ಕೆಲವೇ ಕ್ಷಣಗಳು ಸಾಕು, ಅದಕ್ಕೂ ಮೀರಿದರೆ ಚಿಪ್ಪು ಚೂರಾಗುತ್ತದೆ.

ಹಂತ 7: ಒಳಾಂಗ ಮತ್ತು ಡಿಎನ್ಎ

ಮುಚ್ಚಳವಿಲ್ಲದ ಹುಳುಗಳಲ್ಲಿ ಚಿಪ್ಪುಗಳು ಒಂದನ್ನೊಂದು ಬಹಳ ಹೋಲುವುದರಿಂದ ಜನನಾಂಗದ ರಚನೆಯನ್ನು ನೋಡದೆ ಹೆಸರಿಡುವುದು ತಪ್ಪು. ಆಹಾರವನ್ನು ಕೆರೆಯುವ ಸಾವಿರಾರು ಸೂಕ್ಷ್ಮ ಹಲ್ಲುಗಳ ಪಟ್ಟಿಯಾದ ರಾಡ್ಯುಲಾವನ್ನು, ಸುತ್ತಲಿನ ಮಾಂಸವನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿಸಿ ತೆಗೆಯುತ್ತಾರೆ.

ಡಿಎನ್ಎಯಲ್ಲಿ ಸಾಮಾನ್ಯವಾಗಿ ಬಳಸುವುದು ಮೈಟೊಕಾಂಡ್ರಿಯಾದ ಸಿಒಐ ಜೀನಿನ 658 ಅಕ್ಷರಗಳ ತುಣುಕು, ಅದರ ಜೊತೆಗೆ 16ಎಸ್ ಮತ್ತು ಕೋಶಕೇಂದ್ರದ 28ಎಸ್. ಇಲ್ಲಿ ಜನ ಒಂದು ಸಂಖ್ಯೆಯ ಮೋಹಕ್ಕೆ ಬೀಳುತ್ತಾರೆ. ‘ಇಷ್ಟು ಶೇಕಡಾ ವ್ಯತ್ಯಾಸವಿದ್ದರೆ ಬೇರೆ ಪ್ರಭೇದ’ ಎಂಬ ಸೂತ್ರ ನೆಲದ ಬಸವನಹುಳುಗಳಿಗೆ ಒಗ್ಗುವುದಿಲ್ಲ. ಮಂದಗತಿಯ ಈ ಪ್ರಾಣಿಗಳು ಪಕ್ಕದ ಕಣಿವೆಗೂ ದಾಟದೆ ತಲೆತಲಾಂತರ ಉಳಿಯುವುದರಿಂದ, ಒಂದೇ ಪ್ರಭೇದದೊಳಗೂ ವ್ಯತ್ಯಾಸ ಬಹಳ ಹೆಚ್ಚಿರಬಲ್ಲದು. ಡಿಎನ್ಎ, ಚಿಪ್ಪು ಮತ್ತು ನೆಲೆ ಮೂರೂ ಒಂದೇ ಮಾತು ಹೇಳಿದರೆ ಅದು ಬಲವಾದ ಸಾಕ್ಷ್ಯ. ಡಿಎನ್ಎ ತೆಗೆದ ಹುಳುವಿನ ಚಿಪ್ಪನ್ನು ತಪ್ಪದೆ ಉಳಿಸಿ, ಅದರ ಸಂಖ್ಯೆಯನ್ನು ಜೆನ್‌ಬ್ಯಾಂಕ್ ಎಂಬ ಡಿಎನ್ಎ ಮಾಹಿತಿಯ ಸಾರ್ವಜನಿಕ ಕೋಶಕ್ಕೆ ಸಲ್ಲಿಸುವ ಮಾಹಿತಿಯೊಡನೆ ಜೋಡಿಸಿ.

ಹಂತ 8: ಟೈಪ್ ಮಾದರಿಗಳನ್ನು ಒಪ್ಪಿಸುವುದು

ಪ್ರಾಣಿಗಳ ಹೆಸರುಗಳನ್ನು ಆಳುವುದು ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ಸಂಹಿತೆ. 2000ದ ಜನವರಿ 1ರಿಂದ ಜಾರಿಯಲ್ಲಿರುವ ಅದರ ನಾಲ್ಕನೆಯ ಆವೃತ್ತಿಯಂತೆ, ಹೊಸ ಪ್ರಭೇದಕ್ಕೆ ಟೈಪನ್ನು ಸ್ಪಷ್ಟವಾಗಿ ಗೊತ್ತುಪಡಿಸಲೇಬೇಕು. ಅದು ಯಾವ ಸಂಗ್ರಹದಲ್ಲಿದೆ ಅಥವಾ ಯಾವ ಸಂಗ್ರಹಕ್ಕೆ ಸೇರಲಿದೆ ಎಂಬುದನ್ನೂ ಬರೆಯಬೇಕು. ಒಂದೇ ಒಂದು ಚಿಪ್ಪನ್ನು ಹೋಲೋಟೈಪ್, ಅಂದರೆ ಹೆಸರನ್ನು ಹೊರುವ ಮುಖ್ಯ ಮಾದರಿ, ಎಂದು ಆರಿಸಿ. ಜೊತೆಗೆ ಅಧ್ಯಯನ ಮಾಡಿದ ಉಳಿದವು ಪ್ಯಾರಾಟೈಪ್‌ಗಳು. ಒಂದೆಡೆ ಬೆಂಕಿಯೋ ನೀರೋ ಹೊಕ್ಕರೂ ಇನ್ನೊಂದೆಡೆ ಉಳಿಯಲೆಂದು ಅವನ್ನು ಎರಡು ಮೂರು ಸಂಗ್ರಹಾಲಯಗಳಿಗೆ ಹಂಚುವುದು ವಾಡಿಕೆ.

ನಮ್ಮ ಜೈವಿಕ ವೈವಿಧ್ಯ ಕಾಯ್ದೆಯ 39ನೆಯ ಕಲಮಿನ ಪ್ರಕಾರ, ಹೊಸ ಪ್ರಭೇದವನ್ನು ಕಂಡವರು ಅದನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ, ಆಧಾರಮಾದರಿಯನ್ನು ಅಲ್ಲಿ ಇಡಬೇಕು. ಪ್ರಾಣಿಸರ್ವೇಕ್ಷಣಾ ಸಂಸ್ಥೆ ಅಂಥ ಭಂಡಾರಗಳಲ್ಲೊಂದು. ನೋಂದಣಿ ಸಂಖ್ಯೆ ಸಿಗಲು ಕಾಲ ಹಿಡಿಯುವುದರಿಂದ ಹಸ್ತಪ್ರತಿ ಕಳುಹಿಸುವ ಮೊದಲೇ ಇದನ್ನು ಮುಗಿಸಿ. ಮನೆಯ ಕಪಾಟಿನಲ್ಲಿ ಟೈಪ್ ಇಟ್ಟುಕೊಳ್ಳುವುದು ಎಷ್ಟು ಪ್ರೀತಿಯಿಂದಾದರೂ ಸಲ್ಲದು.

ಹಂತ 9: ಹೆಸರು

ಹೆಸರು ಲ್ಯಾಟಿನ್ ಲಿಪಿಯ 26 ಅಕ್ಷರಗಳಲ್ಲಿ, ಚುಕ್ಕೆ ಅಥವಾ ಮೇಲ್ಗೆರೆಗಳಿಲ್ಲದೆ ಇರಬೇಕು. ಕನ್ನಡದ ಳ, ಣ, ದೀರ್ಘಸ್ವರಗಳ ಭೇದ ಅಲ್ಲಿ ಉಳಿಯುವುದಿಲ್ಲವೆಂದು ಮೊದಲೇ ಒಪ್ಪಿಕೊಳ್ಳಿ. ಎರಡನೆಯ ಪದ ವಿಶೇಷಣವಾಗಿದ್ದರೆ ಕುಲನಾಮದ ಲಿಂಗವನ್ನು ಅನುಸರಿಸುತ್ತದೆ. ಬ್ಲಾನ್‌ಫೋರ್ಡ್ ಸಹೋದರರು 1860ರಲ್ಲಿ ನೀಲಗಿರಿಯ ಹುಳುವಿಗೆ ಕೊಟ್ಟ ಹೆಸರು ಓಪಿಸ್ಥೋಸ್ಟೋಮಾ ‘ನೀಲ್ಗಿರಿಕಮ್’ ಎಂದಾಗಲು ಆ ಕುಲನಾಮ ನಪುಂಸಕಲಿಂಗದ್ದಾಗಿರುವುದೇ ಕಾರಣ. ಸ್ತ್ರೀಲಿಂಗದ ಡಿಪ್ಲೊಮ್ಮಟೈನಾ ಜೊತೆಗೆ ಅದೇ ಪದ ‘ನೀಲ್ಗಿರಿಕಾ’ ಆಗುತ್ತದೆ. ಊರಿನ ಹೆಸರಿಗೆ ‘ಎನ್ಸಿಸ್’ ಸೇರಿಸುವಾಗಲೂ ನಪುಂಸಕವಾದರೆ ‘ಎನ್ಸೆ’. ವ್ಯಕ್ತಿಯ ಗೌರವಾರ್ಥ ಇಡುವುದಾದರೆ ಪುರುಷರಿಗೆ ಕೊನೆಯಲ್ಲಿ ‘ಐ’, ಮಹಿಳೆಯರಿಗೆ ‘ಎಇ’ ಅಕ್ಷರಗಳು. ಕನ್ನಡದ ನಾಮಪದವನ್ನೇ ಬಳಸುವುದಾದರೆ, ಅದು ಲಿಂಗಕ್ಕೆ ತಕ್ಕಂತೆ ಬದಲಾಗದ ನಾಮಪದವೆಂದು ಲೇಖನದಲ್ಲಿ ಸ್ಪಷ್ಟವಾಗಿ ಬರೆಯಿರಿ, ಇಲ್ಲದಿದ್ದರೆ ಮುಂದೆ ಯಾರಾದರೂ ಅದನ್ನು ‘ತಿದ್ದಲು’ ಹೊರಡುತ್ತಾರೆ. ತನ್ನ ಹೆಸರನ್ನೇ ಇಡುವುದು ಶಿಷ್ಟಾಚಾರವಲ್ಲ. ಅದೇ ಕುಲದಲ್ಲಿ ಅದೇ ಪದ ಹಿಂದೆ ಎಂದಾದರೂ ಬಳಕೆಯಾಗಿದ್ದರೆ ನಿಮ್ಮದು ಊರ್ಜಿತವಾಗದು.

ನನ್ನ ಮಟ್ಟಿಗೆ, ಆ ಕಾಡಿನ ಅಥವಾ ಬೆಟ್ಟದ ಹೆಸರೇ ಲೇಸು. ಪ್ರಾಣಿಯನ್ನು ಎಲ್ಲಿ ಹುಡುಕಬೇಕೆಂಬುದು ಹೆಸರಿನಲ್ಲಿಯೇ ಉಳಿಯುತ್ತದೆ, ಆ ಊರಿನವರಿಗೂ ಅದು ತಮ್ಮದೆನಿಸುತ್ತದೆ.

ಹಂತ 10: ಬರವಣಿಗೆ ಮತ್ತು ಪ್ರಕಟಣೆ

ಲೇಖನದ ಹೃದಯಭಾಗ ಡಯಾಗ್ನೋಸಿಸ್, ಅಂದರೆ ಈ ಪ್ರಭೇದವನ್ನು ಹತ್ತಿರದವುಗಳಿಂದ ಬೇರ್ಪಡಿಸುವ ಲಕ್ಷಣಗಳನ್ನು ಮಾತಿನಲ್ಲಿ ಹೇಳುವ ಭಾಗ. ಸಂಹಿತೆ ಇದನ್ನು ಕಡ್ಡಾಯಗೊಳಿಸಿದೆ. ಚಿತ್ರ ಅಥವಾ ಡಿಎನ್ಎ ಸಾಲು ಮಾತ್ರ ಕೊಟ್ಟರೆ ಹೆಸರು ನಿಲ್ಲುವುದಿಲ್ಲ. ‘ಚಿಪ್ಪು ಚಿಕ್ಕದು, ಕಂದು, ನಯವಾದದ್ದು’ ಎಂಬುದು ನೂರು ಪ್ರಭೇದಗಳಿಗೆ ಹೊಂದುವ ಮಾತು. ‘ಇಂಥ ಪ್ರಭೇದದಲ್ಲಿ ಸ್ತಂಭಿಕೆಯ ಹಲ್ಲು ಬಾಯಿಯಿಂದ ಹೊರಗೆ ಕಾಣುತ್ತದೆ, ಇದರಲ್ಲಿ ಒಳಗೆ ಅಡಗಿದೆ, ಅದರ ಕುತ್ತು ತುಟಿಯ ನೇರಕ್ಕಿದೆ, ಇದರದ್ದು ಕಾಲು ಸುತ್ತು ಹಿಂದಿದೆ’ ಎಂಬ ರೀತಿಯಲ್ಲಿ ಹೆಸರು ಹಿಡಿದು ಹೋಲಿಸಬೇಕು. ನಂತರ ಪೂರ್ಣ ವರ್ಣನೆ, ಟೈಪ್‌ಗಳ ವಿವರ, ಹೆಸರಿನ ನಿಷ್ಪತ್ತಿ, ನೆಲೆ ಮತ್ತು ಚರ್ಚೆ ಬರುತ್ತವೆ. ಹೆಸರಿನ ಮುಂದೆ ಇದು ಹೊಸ ಪ್ರಭೇದವೆಂಬ ಸೂಚನೆಯಿರಲೇಬೇಕು.

ವರ್ಣನೆ ಇಂಥದ್ದೇ ಭಾಷೆಯಲ್ಲಿರಬೇಕೆಂದು ಸಂಹಿತೆ ಹೇಳುವುದಿಲ್ಲ. ಆದರೂ ಜಗತ್ತಿನ ತಜ್ಞರು ಓದಬೇಕಾದ್ದರಿಂದ ಮುಖ್ಯಪಾಠ ಇಂಗ್ಲಿಷಿನಲ್ಲಿರುವುದು ವಾಸ್ತವ. ಕನ್ನಡದ ಸಾರಾಂಶವೊಂದನ್ನು ಸೇರಿಸಲು ಸಂಪಾದಕರನ್ನು ಕೇಳಿ ನೋಡಿ; ಆ ಕಾಡಿನ ಪಕ್ಕದಲ್ಲಿ ಬದುಕುವವರಿಗೆ ಅರ್ಥವಾಗುವ ಒಂದು ಪುಟವಾದರೂ ಅಲ್ಲಿರಬೇಕೆಂಬುದು ನನ್ನ ಆಗ್ರಹ.

ಅಂತರಜಾಲದಲ್ಲಿ ಮಾತ್ರ ಹೊರಡುವ ಪತ್ರಿಕೆಯಾದರೆ, ಸಂಹಿತೆಯ 2012ರ ತಿದ್ದುಪಡಿಯಂತೆ ಆ ಲೇಖನ ಪ್ರಕಟವಾಗುವ ಮೊದಲೇ ಜೂಬ್ಯಾಂಕ್ ಎಂಬ ಅಧಿಕೃತ ನೋಂದಣಿಯಲ್ಲಿ ದಾಖಲಾಗಿ, ಆ ದಾಖಲೆಯ ಗುರುತು ಮತ್ತು ಪ್ರಕಟಣೆಯ ದಿನಾಂಕ ಲೇಖನದೊಳಗೆ ಇರಬೇಕು. ಜೂಟ್ಯಾಕ್ಸಾ, ಜೂಕೀಸ್, ಜರ್ನಲ್ ಆಫ್ ಥ್ರೆಟನ್ಡ್ ಟ್ಯಾಕ್ಸಾ, ರೆಕಾರ್ಡ್ಸ್ ಆಫ್ ದಿ ಜುವಾಲಾಜಿಕಲ್ ಸರ್ವೆ ಆಫ್ ಇಂಡಿಯಾ ಮೊದಲಾದವು ಇಂಥ ಲೇಖನಗಳನ್ನು ತಜ್ಞರ ಪರಿಶೀಲನೆಗೆ ಒಳಪಡಿಸಿ ಪ್ರಕಟಿಸುತ್ತವೆ. ಹಣ ಕಟ್ಟಿದ ವಾರದಲ್ಲಿ ಅಚ್ಚುಹಾಕುವ ಪತ್ರಿಕೆಗಳಿಂದ ದೂರವಿರಿ. ಅಲ್ಲಿಯ ಹೆಸರೂ ಸಂಹಿತೆಯ ಷರತ್ತು ಪೂರೈಸಿದರೆ ಸಿಂಧುವಾಗಿಬಿಡುತ್ತದೆ. ದುರ್ಬಲ ವರ್ಣನೆಯ ಆ ಹೆಸರನ್ನು ಮುಂದಿನವರು ದಶಕಗಟ್ಟಲೆ ಹೊತ್ತು ತಿರುಗಬೇಕಾಗುತ್ತದೆ.

ಕಡೆಯ ಎಚ್ಚರಿಕೆ ಸುದ್ದಿಯ ಕುರಿತದ್ದು. ಲೇಖನ ಹೊರಬರುವ ಮೊದಲು ಹೊಸ ಹೆಸರನ್ನು ಪತ್ರಿಕೆಯವರಿಗೆ ಹೇಳಬೇಡಿ, ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ, ಸಮ್ಮೇಳನದ ಸಾರಾಂಶದಲ್ಲಿ ಬರೆಯಬೇಡಿ. ವರ್ಣನೆಯಿಲ್ಲದೆ ಹೊರಬಿದ್ದ ಹೆಸರು ಸಂಹಿತೆಯ ದೃಷ್ಟಿಯಲ್ಲಿ ಬರಿನಾಮವಷ್ಟೇ, ಅದರಿಂದ ಗೊಂದಲ ಹುಟ್ಟುತ್ತದೆ. ಲೇಖನ ಪ್ರಕಟವಾದ ದಿನ ಮೊದಲು ಮಾಡಬೇಕಾದ ಕೆಲಸ, ಅದರ ಪ್ರತಿಯನ್ನು ಅನುಮತಿ ಕೊಟ್ಟ ಅರಣ್ಯ ಇಲಾಖೆಗೆ, ಟೈಪ್ ಇರುವ ಭಂಡಾರಕ್ಕೆ, ಸ್ಥಳೀಯ ಗ್ರಾಮ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ಮತ್ತು ನಿಮ್ಮೊಡನೆ ಮಳೆಯಲ್ಲಿ ದರಗು ಹೆಕ್ಕಿದವರಿಗೆ ಕಳುಹಿಸುವುದು.